ಡೊಂಬಿವಲಿ ಬಾಲ್ಕನಿಯಿಂದ ಆಕಾಶ ನೋಡೋಕೆ ಯಾವ ಟೆಲಿಸ್ಕೋಪ್ ತಗೊಳ್ಳಲಿ?

ಡೊಂಬಿವಲಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸ್. ಅವಳಿಗೂ ನನಗೂ ಆಕಾಶ ನೋಡುವ ಆಸೆ, ಆದರೆ ಸಪ್ತರ್ಷಿ ಮಂಡಲ ಬಿಟ್ಟರೆ ಇಬ್ಬರಿಗೂ ಏನೂ ಗುರುತು ಸಿಗಲ್ಲ. ಮನೆ ಏಳನೇ ಮಹಡಿಯಲ್ಲಿ, ಬಾಲ್ಕನಿ ದಕ್ಷಿಣಕ್ಕೆ. ಟೆರೇಸ್ ಚಾವಿ ಸೊಸೈಟಿ ಸೆಕ್ರೆಟರಿ ಹತ್ತಿರ ಇದೆ, ಕೇಳಿದರೆ ಕೊಡ್ತಾರೆ.

ಬಜೆಟ್ 15,000 ರೂಪಾಯಿ. ಆನ್‌ಲೈನ್‌ನಲ್ಲಿ ಒಂದು ನೋಡಿಟ್ಟಿದ್ದೀನಿ: 114 ಎಂಎಂ ಕನ್ನಡಿ, ಫೋಕಲ್ ಲೆಂತ್ 1000 ಎಂಎಂ, ಇಕ್ವಟೋರಿಯಲ್ ಸ್ಟ್ಯಾಂಡ್, ಡಬ್ಬಿ ಮೇಲೆ 750 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಬರೆದಿದೆ. ಕೊಳವೆ ಅರ್ಧ ಮೀಟರ್ ಇರಬಹುದು ಅಷ್ಟೆ, ಇಡೋಕೆ ಜಾಗ ಕಮ್ಮಿ ಸಾಕು. ತಗೊಳ್ಳಬಹುದಾ? ಮೊದಲು ಬೈನಾಕ್ಯುಲರ್ ತಗೊಳ್ಳಿ ಅಂತ ಕೆಲವರು ಹೇಳ್ತಾರೆ. ಮುಂಬೈ ಬೆಳಕಿನಲ್ಲಿ ಬೈನಾಕ್ಯುಲರ್‌ನಿಂದ ಏನಾದರೂ ಕಾಣುತ್ತಾ?

ಕೋಥ್ರೂಡ್ ಕನ್ನಡಿಗ, ಪುಣೆ:

ಮೇಡಂ, ಆ 114/1000 ಬೇಡ. ಅದೇ ಮಾಲು ಬೇರೆ ಹೆಸರಿನಲ್ಲೂ ಸಿಗುತ್ತೆ, ಅದಕ್ಕೆ ಗುರುತು ಹಿಡಿಯೋದು ಹೇಗೆ ಅಂತ ಸ್ವಲ್ಪ ವಿವರವಾಗಿ ಬರೀತೀನಿ.

ನ್ಯೂಟೋನಿಯನ್, ಅಂದರೆ ಕನ್ನಡಿಯ ಟೆಲಿಸ್ಕೋಪಿನ ಕೊಳವೆ ಹೆಚ್ಚುಕಡಿಮೆ ಅದರ ಫೋಕಲ್ ಲೆಂತ್‌ನಷ್ಟೇ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ) ಉದ್ದ ಇರುತ್ತೆ. 1000 ಎಂಎಂ ಅಂತ ಬರೆದು ಕೊಳವೆ ಅರ್ಧ ಮೀಟರ್ ಇದ್ದರೆ, ಒಳಗಿರೋದು ಗೋಳಾಕಾರದ ಕನ್ನಡಿ. ಫೋಕಸರ್ ಒಳಗೆ ಒಂದು ಮಸೂರ ಕೂರಿಸಿ ಫೋಕಲ್ ಲೆಂತ್ ಹಿಗ್ಗಿಸಿರ್ತಾರೆ. ಬರ್ಡ್-ಜೋನ್ಸ್ ಅಂತಾರೆ ಈ ರಚನೆಗೆ. ಆ ಮಸೂರ ಕನ್ನಡಿಗೆ ಸರಿಯಾಗಿ ಹೊಂದಿದ್ದರೆ ಚಿತ್ರ ಚೆನ್ನಾಗಿಯೇ ಬರುತ್ತೆ, ಆದರೆ ಅಗ್ಗದ ಮಾಲಿನಲ್ಲಿ ಅಷ್ಟು ನಿಖರತೆ ಇರಲ್ಲ. ಪಟ್ಟು ಏರಿಸಿದಂತೆ ಗ್ರಹ ಮಸುಕಾಗುತ್ತಾ ಹೋಗುತ್ತೆ, ಎಷ್ಟು ಫೋಕಸ್ ತಿರುಗಿಸಿದರೂ ಅಂಚು ಕಡಿದ ಹಾಗೆ ಬರಲ್ಲ. ಕನ್ನಡಿ ಹೊಂದಿಸೋದೂ, ಅಂದರೆ ಕೊಲಿಮೇಶನ್ ಕೂಡ, ಹೊಸಬರಿಗೆ ಕಷ್ಟ, ಆ ಮಸೂರ ದಾರಿಗೆ ಅಡ್ಡ ಕೂತಿರುತ್ತೆ.

750 ಪಟ್ಟು ಎಲ್ಲಿಂದ ಬಂತು? ಫೋಕಲ್ ಲೆಂತನ್ನು ಐಪೀಸಿನ, ಅಂದರೆ ಕಣ್ಣಿಡುವ ಮಸೂರದ, ಎಂಎಂನಿಂದ ಭಾಗಿಸಿದರೆ ಪಟ್ಟು ಸಿಗುತ್ತೆ. 1000 ಭಾಗಿಸು 4 ಅಂದರೆ 250, ಜೊತೆಗೆ ಅದನ್ನು 3 ಪಟ್ಟು ಮಾಡುವ ಬಾರ್ಲೋ ಮಸೂರ. ಲೆಕ್ಕ ಸರಿ, ಉಪಯೋಗ ಇಲ್ಲ. ಕನ್ನಡಿ ಅಥವಾ ಮಸೂರದ ವ್ಯಾಸ ಎಷ್ಟು ಎಂಎಂ ಇದೆಯೋ ಅದರ ಎರಡರಷ್ಟೇ ಗರಿಷ್ಠ ಪಟ್ಟು, 114ಕ್ಕೆ 228. ಅದರಾಚೆ ಮಸುಕೇ ದೊಡ್ಡದಾಗುತ್ತೆ ಹೊರತು ಹೊಸ ವಿವರ ಬರಲ್ಲ. ಗಾಳಿ ಅಲುಗಾಡುವ ಸಾಮಾನ್ಯ ರಾತ್ರಿಯಲ್ಲಿ 150 ದಾಟೋದೇ ಅಪರೂಪ. ಇನ್ನೊಂದು ವಿಷಯ, 50 ಡಿಗ್ರಿ ನೋಟದ ಐಪೀಸಿನಲ್ಲಿ 750 ಪಟ್ಟು ಹಾಕಿದರೆ ಕಾಣೋದು ಡಿಗ್ರಿಯ ಹದಿನೈದನೇ ಒಂದು ಭಾಗದಷ್ಟು ಆಕಾಶ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಗ್ರಹ 16 ಸೆಕೆಂಡಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋಗಿ ಮಾಯ.

ಸ್ಟ್ಯಾಂಡಿನ ವಿಷಯ ಇನ್ನೂ ಮುಖ್ಯ. ಇಕ್ವಟೋರಿಯಲ್ ಮೌಂಟಿನ ಒಂದು ಅಕ್ಷ ಧ್ರುವ ನಕ್ಷತ್ರಕ್ಕೆ ಗುರಿ ಇಡಬೇಕು. ನಿಮ್ಮ ಅಕ್ಷಾಂಶ 19 ಡಿಗ್ರಿ, ಧ್ರುವ ಉತ್ತರದಲ್ಲಿ ಅಷ್ಟೇ ಎತ್ತರ. ನಿಮ್ಮ ಬಾಲ್ಕನಿ ದಕ್ಷಿಣಕ್ಕೆ, ಅಂದರೆ ಧ್ರುವ ಕಾಣೋದೇ ಇಲ್ಲ. ಟೆರೇಸಿಗೆ ಹೋದರೂ, ಅಕ್ಷವನ್ನು 19 ಡಿಗ್ರಿಗೆ ಇಳಿಸಿದಾಗ ತೂಕದ ಸರಳು ಎಷ್ಟೋ ಮೌಂಟುಗಳಲ್ಲಿ ಟ್ರೈಪಾಡ್ ಕಾಲಿಗೆ ಬಡಿಯುತ್ತೆ. 40-50 ಡಿಗ್ರಿ ಅಕ್ಷಾಂಶದ ದೇಶಗಳಲ್ಲಿ ಈ ತೊಂದರೆ ಇಲ್ಲ, ಹಾಗಾಗಿ ಅಲ್ಲಿನವರ ವಿಡಿಯೋದಲ್ಲಿ ಇದರ ಸುದ್ದಿಯೇ ಬರಲ್ಲ. ಮೇಲೆ-ಕೆಳಗೆ, ಎಡ-ಬಲ ತಿರುಗುವ ಸಾದಾ ಆಲ್ಟ್-ಅಝಿಮತ್ ಸ್ಟ್ಯಾಂಡೇ ನಿಮಗೆ ಸರಿ.

ಏನು ತಗೊಳ್ಳಬೇಕು ಅಂದರೆ, ಮೊದಲು 10×50 ಬೈನಾಕ್ಯುಲರ್, ಅಂದರೆ 10 ಪಟ್ಟು, ಮುಂದಿನ ಮಸೂರ 50 ಎಂಎಂ. ನಿಮ್ಮ ಬಜೆಟ್ಟಿನೊಳಗೇ ಒಳ್ಳೆಯದು ಸಿಗುತ್ತೆ, ಟ್ರೈಪಾಡಿಗೆ ಕೂರಿಸುವ ಎಲ್ ಆಕಾರದ ಅಡಾಪ್ಟರಿಗೂ ದುಡ್ಡು ಉಳಿಯುತ್ತೆ. 7×50 ಬೇಡ. ಅದರ ಕಣ್ಣಿನ ತುದಿಯಲ್ಲಿ 7 ಎಂಎಂ ಅಗಲದ ಬೆಳಕು ಬರುತ್ತೆ, ಮುಂಬೈಯಲ್ಲಿ ಆಕಾಶದ ಬೂದು ಬೆಳಕೇ ತುಂಬಿಕೊಳ್ಳುತ್ತೆ. 10×50ರಲ್ಲಿ 5 ಎಂಎಂ, ಹಿನ್ನೆಲೆ ಕಪ್ಪಾಗಿ ಕಾಣುತ್ತೆ. ಝೂಮ್ ಇರೋದು, ಮಸೂರ ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯೋದು, ಎರಡೂ ಬಿಡಿ.

ಸಾಧ್ಯವಾದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಕೈ ಚಾಚಿ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಎರಡು ಐಪೀಸಿನಲ್ಲೂ ಬೆಳಕಿನ ಬಿಲ್ಲೆ ಕಾಣುತ್ತೆ. ಅದು ಪೂರ್ತಿ ದುಂಡಗಿದ್ದರೆ ಒಳಗಿನ ಪ್ರಿಸಮ್ ಬಿಎಕೆ4 ಎಂಬ ಒಳ್ಳೆಯ ಗಾಜಿನದು ಇರಬೇಕು, ಅಂಚು ಕತ್ತರಿಸಿ ಚೌಕದ ಹಾಗಿದ್ದರೆ ಅಗ್ಗದ ಬಿಕೆ7. ಆಮೇಲೆ ದೂರದ ಕಟ್ಟಡದ ಅಡ್ಡ ಅಂಚನ್ನು ನೋಡುತ್ತಾ ಬೈನಾಕ್ಯುಲರನ್ನು ನಿಧಾನಕ್ಕೆ ಕಣ್ಣಿಂದ ಒಂದು ಗೇಣು ದೂರ ತನ್ನಿ. ಅಂಚು ಎರಡಾಗಿ ಮೇಲೆ-ಕೆಳಗೆ ಒಡೆದರೆ ಅದರ ಎರಡು ಕೊಳವೆಗಳೂ ಒಂದೇ ಕಡೆ ನೋಡ್ತಿಲ್ಲ. ವಾಪಸ್ ಕೊಡಿ, ಹತ್ತು ನಿಮಿಷಕ್ಕೆ ತಲೆನೋವು ಬರುತ್ತೆ.

ಟೆಲಿಸ್ಕೋಪೇ ಬೇಕು ಅಂದರೆ ಸಾದಾ ಸ್ಟ್ಯಾಂಡಿನ 70/700 ರಿಫ್ರ್ಯಾಕ್ಟರ್, ಅಂದರೆ ಮಸೂರದ ಟೆಲಿಸ್ಕೋಪ್. ಬಜೆಟ್ ಸ್ವಲ್ಪ ಹಿಗ್ಗಿಸೋಕೆ ಆದರೆ ಮೇಜಿನ ಮೇಲಿಡುವ ಡಾಬ್ಸೋನಿಯನ್ 130/650 (ಸಾದಾ ತಿರುಗುಪೀಠದ ಕನ್ನಡಿ ಟೆಲಿಸ್ಕೋಪ್), ಪ್ಯಾರಾಬೋಲಿಕ್ ಕನ್ನಡಿ ಅಂತ ಬರೆದಿರಬೇಕು.

ಮುಲುಂಡ್ ಚೆಕ್‌ನಾಕಾ, ಮುಂಬೈ:

ಪುಣೆಯವರು ಸಾಮಾನಿನ ವಿಷಯ ಪೂರ್ತಿ ಹೇಳಿದ್ದಾರೆ. ಅಕ್ಕ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಹೇಳ್ತೇನೆ: ಕಾಣುತ್ತದೆ. ಹಾಲುಹಾದಿ ಕಾಣಲಿಕ್ಕಿಲ್ಲ, ಗ್ಯಾಲಕ್ಸಿಗಳ ಆಸೆ ಊರೊಳಗೆ ಬಿಟ್ಟುಬಿಡಿ. ಚಂದ್ರ, ಗ್ರಹಗಳು, ಜೋಡಿ ನಕ್ಷತ್ರಗಳು, ಹೊಳಪಿನ ಗುಚ್ಛಗಳಿಗೆ ಊರಿನ ಬೆಳಕು ಅಷ್ಟು ಅಡ್ಡಿ ಮಾಡುವುದಿಲ್ಲ. ಒಂದು ವರ್ಷಕ್ಕೆ ಧಾರಾಳ ಸಾಕು.

ಚಂದ್ರನಿಂದ ಶುರು ಮಾಡಿ. ನಮ್ಮ ತಿಥಿ ಇದ್ದರೆ ಚಂದ್ರನ ನಕ್ಷೆ ಅರ್ಧ ಕೈಯಲ್ಲಿದ್ದ ಹಾಗೆ. ಸೂರ್ಯ-ಚಂದ್ರರ ನಡುವೆ ಪ್ರತಿ 12 ಡಿಗ್ರಿ ಅಂತರಕ್ಕೆ ಒಂದು ತಿಥಿ. ಚಂದ್ರನ ಮೇಲೆ ಬೆಳಕು-ಕತ್ತಲೆಯ ಗೆರೆ ಎಲ್ಲಿ ಬಿದ್ದಿದೆ ಎಂಬುದೂ ಅದೇ ಅಂತರದ ಮೇಲೆ ನಿಂತಿದೆ. ಶುಕ್ಲಪಕ್ಷದಲ್ಲಿ ಮುಗಿದ ತಿಥಿಯನ್ನು 12ರಿಂದ ಗುಣಿಸಿ 90ರಿಂದ ಕಳೆಯಿರಿ, ಗೆರೆ ಇರುವ ರೇಖಾಂಶ ಸಿಗುತ್ತದೆ. ಪಂಚಮಿ ಮುಗಿಯುವಾಗ 90ರಲ್ಲಿ 60 ಹೋದರೆ 30 ಡಿಗ್ರಿ ಪೂರ್ವ. ಉತ್ತರ ಮೈನಸ್ ಬಂದರೆ ಪಶ್ಚಿಮ. ಗುಂಡಿಗಳ ಗೋಡೆ ಉದ್ದ ನೆರಳು ಚೆಲ್ಲುವುದು ಆ ಗೆರೆಯ ಹತ್ತಿರ ಮಾತ್ರ, ಹುಣ್ಣಿಮೆಗೆ ನೆರಳೇ ಇಲ್ಲದೆ ಎಲ್ಲ ಚಪ್ಪಟೆ ಕಾಣುತ್ತದೆ.

ಚತುರ್ಥಿಗೆ ಮಾರೆ ಕ್ರಿಸಿಯಂ ಪೂರ್ತಿ ಬೆಳಕಿಗೆ ಬಂದಿರುತ್ತದೆ, ಬೈನಾಕ್ಯುಲರಿನಲ್ಲೇ ದುಂಡು ಕಪ್ಪು ಬಟ್ಟಲು. ಷಷ್ಠಿಯ ದಿನ ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ, ಮೂರು ಗುಂಡಿಗಳು ಒಂದಕ್ಕೊಂದು ತಾಗಿಕೊಂಡಿವೆ. ಥಿಯೋಫಿಲಸ್ ಸಿರಿಲಸ್‌ನ ಗೋಡೆಯನ್ನು ಒಡೆದು ಕೂತಿದೆ, ಅಂದರೆ ಅದು ಆಮೇಲೆ ಆದದ್ದು. ಮಗಳಿಗೆ ಇದನ್ನು ತೋರಿಸಿ, ಯಾವುದು ಮೊದಲು ಯಾವುದು ನಂತರ ಅಂತ ಅವಳೇ ಹೇಳಲಿ. ಅಷ್ಟಮಿ ಮುಗಿಯುವ ಹೊತ್ತಿಗೆ ಟಾಲೆಮಿಯಸ್, ಅಲ್ಫಾನ್ಸಸ್, ಆರ್ಜಾಕೆಲ್ ಗುಂಡಿಗಳ ಸಾಲು. ನವಮಿಗೆ ಸ್ಟ್ರೇಟ್ ವಾಲ್ ಎಂಬ ನೇರ ಬಂಡೆಯಂಚು, 70 ಎಂಎಂ ಟೆಲಿಸ್ಕೋಪಿನಲ್ಲಿ 70-100 ಪಟ್ಟಿಗೆ ಕಪ್ಪು ಗೆರೆ ಎಳೆದ ಹಾಗೆ ತೋರುತ್ತದೆ. ದಶಮಿಗೆ ಕೋಪರ್ನಿಕಸ್ ಗುಂಡಿ, ಒಳಗಿನ ಮೆಟ್ಟಿಲು ಮೆಟ್ಟಿಲಾದ ಗೋಡೆ ಸಮೇತ. ದ್ವಾದಶಿಗೆ ಅರಿಸ್ಟಾರ್ಕಸ್. ಚಂದ್ರ ಸ್ವಲ್ಪ ಓಲಾಡುವುದರಿಂದ ಕೆಲವು ಗಂಟೆ ಹಿಂದೆಮುಂದೆ ಆದೀತು. ಕ್ಯಾಲೆಂಡರಿನಲ್ಲಿ ಹಾಕುವುದು ಸೂರ್ಯೋದಯದ ತಿಥಿ, ಆದ್ದರಿಂದ ಅದು ಮುಗಿಯುವ ವೇಳೆ ನೋಡಿ ರಾತ್ರಿ ಎಂಟಕ್ಕೆ ಯಾವುದು ನಡೆಯುತ್ತಿದೆ ಎಂದು ತಿಳಿದುಕೊಳ್ಳಿ.

ಜೋಡಿ ನಕ್ಷತ್ರಗಳಲ್ಲಿ ಮೊದಲು ಸಪ್ತರ್ಷಿಯ ವಸಿಷ್ಠ. ಅರುಂಧತಿಯನ್ನು ಬರಿಗಣ್ಣಿಗೆ ಹುಡುಕುವುದು ಗೊತ್ತಿದೆಯಲ್ಲ, ಟೆಲಿಸ್ಕೋಪಿನಲ್ಲಿ 40 ಪಟ್ಟಿಗೆ ವಸಿಷ್ಠನೇ ಎರಡಾಗುತ್ತದೆ, ನಡುವೆ 14 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಮಳೆ ಮುಗಿದ ಮೇಲೆ ಆಲ್ಬಿರಿಯೊ ಎಂಬ ಜೋಡಿ ನೋಡಿ, ಒಂದು ಹೊಂಬಣ್ಣ, ಇನ್ನೊಂದು ನೀಲಿ. ಶನಿಯ ಉಂಗುರಕ್ಕೆ 40 ಪಟ್ಟು ಸಾಕು. 2025ರ ಮಾರ್ಚಿನಲ್ಲಿ ಅದು ಅಂಚಾಗಿ ತಿರುಗಿತ್ತು, ಅಲ್ಲಿಂದೀಚೆಗೆ ವರ್ಷವರ್ಷವೂ ತೆರೆದುಕೊಳ್ಳುತ್ತಿದೆ.

ನಿಮ್ಮ ಬಾಲ್ಕನಿಯ ಲೆಕ್ಕ: ಮೇಲಿನ ಸ್ಲ್ಯಾಬ್ ನೆತ್ತಿಯನ್ನು ಮುಚ್ಚುತ್ತದೆ. ಮಿಥುನ ರಾಶಿಯಲ್ಲಿರುವ ಗ್ರಹ ನಮ್ಮಲ್ಲಿ ಮಧ್ಯಾಕಾಶಕ್ಕೆ ಬಂದಾಗ 87 ಡಿಗ್ರಿ ಎತ್ತರ, ಅದಕ್ಕೆ ಟೆರೇಸ್ ಬೇಕು. ಅಲ್ಲಿಯೂ ಟೆಲಿಸ್ಕೋಪನ್ನು ನೆಟ್ಟಗೆ ನೆತ್ತಿಗೆ ತಿರುಗಿಸಿದರೆ ಕೊಳವೆ ಟ್ರೈಪಾಡ್ ಕಾಲಿಗೆ ತಾಗುತ್ತದೆ, ಎರಡು ಗಂಟೆ ಮುಂಚೆ ಅಥವಾ ನಂತರ ನೋಡಿ. ಆದರೆ ವೃಶ್ಚಿಕ ಇಡೀ ನಿಮ್ಮ ಬಾಲ್ಕನಿಗೆ ಬರುತ್ತದೆ. ಜ್ಯೇಷ್ಠಾ ನಕ್ಷತ್ರ 44 ಡಿಗ್ರಿ, ಅದರ ಬಾಲದ ಹತ್ತಿರದ ಎಂ7 ಗುಚ್ಛ 36 ಡಿಗ್ರಿ. ಬೈನಾಕ್ಯುಲರಿಗೆ ಹೇಳಿ ಮಾಡಿಸಿದ ವಸ್ತು, ಮೇ ತಿಂಗಳಲ್ಲಿ ಹನ್ನೊಂದರ ಮೇಲೆ ನೋಡಿ. ಫೆಬ್ರವರಿಯಲ್ಲಿ ರಾತ್ರಿ ಒಂಬತ್ತು-ಹತ್ತಕ್ಕೆ ಅಗಸ್ತ್ಯ ನಕ್ಷತ್ರ ನೇರ ದಕ್ಷಿಣಕ್ಕೆ, 18 ಡಿಗ್ರಿ ಎತ್ತರದಲ್ಲಿ. ಕೆಳಗಿನ ಮನೆಯ ಎಸಿ ಯೂನಿಟ್ ಬಿಸಿ ಗಾಳಿ ಬಿಡುತ್ತಿದ್ದರೆ ಅದರ ಮೇಲಿಂದ ಗ್ರಹ ನೋಡಬೇಡಿ, ಚಿತ್ರ ಕುದಿಯುತ್ತದೆ.

ಕತ್ತಲೆಗೆ ನಿಮಗೆ ದಾರಿ ಸುಲಭ. ಕರ್ಜತ್ ಲೋಕಲ್ ಹತ್ತಿದರೆ ಬದಲಾಪುರ ಆದ ಮೇಲೆ ವಾಂಗಣಿ. ಖಗೋಳ ಮಂಡಳ ಎಂಬ ಹವ್ಯಾಸಿ ಸಂಘದವರು ಅಲ್ಲಿ ರಾತ್ರಿಯಿಡೀ ಆಕಾಶ ವೀಕ್ಷಣೆ ನಡೆಸುತ್ತಾರೆ. ಬದಲಾಪುರದ ಕಡೆಯ ಆಕಾಶ ಬೆಳಗಿರುತ್ತದೆ, ಉಳಿದ ಕಡೆ ಕೃತ್ತಿಕೆಯ ಸುತ್ತಲೂ ಊರಿನಲ್ಲಿ ಕಾಣದ ನಕ್ಷತ್ರಗಳು ಬರುತ್ತವೆ. ಏನನ್ನೂ ಕೊಳ್ಳುವ ಮೊದಲು ಅಂಥ ಒಂದು ರಾತ್ರಿ ಹೋಗಿ, ಬೇರೆ ಬೇರೆ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡಿ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮಡಿಕೆ ಸುತ್ತಿಕೊಳ್ಳಿ, ಮೊಬೈಲ್ ಒಮ್ಮೆ ಬೆಳಗಿಸಿದರೆ ಕಣ್ಣು ಮತ್ತೆ ಕತ್ತಲೆಗೆ ಒಗ್ಗಲು 20-30 ನಿಮಿಷ ಬೇಕು. ಮಗಳನ್ನು ವರ್ಲಿಯ ನೆಹರೂ ತಾರಾಲಯಕ್ಕೂ ಕರೆದುಕೊಂಡು ಹೋಗಿ, ರಾಶಿಗಳ ಆಕಾರ ಅಲ್ಲಿ ಬೇಗ ಮನಸ್ಸಿಗೆ ಕೂರುತ್ತದೆ.

ಡೊಂಬಿವಲಿ ಅಮ್ಮ:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಹಾಗಾದರೆ 10×50 ತಗೊಳ್ತೀನಿ. ಇನ್ನೊಂದು ಪ್ರಶ್ನೆ. ನಮ್ಮ ಕಟ್ಟಡದಲ್ಲೇ ಒಬ್ಬರ ಹತ್ತಿರ ಹಳೇ 70/700 ಇದೆ, ಮಾಳಿಗೆ ಮೇಲೆ ಬಹಳ ವರ್ಷದಿಂದ ಬಿದ್ದಿದೆಯಂತೆ, ಬೇಕಾದರೆ ತಗೊಂಡು ಹೋಗಿ ಅಂದರು. ಮುಂದಿನ ಮಸೂರದಲ್ಲಿ ಬಿಳೀ ನೂಲಿನ ಹಾಗೆ ಏನೋ ಹರಡಿದೆ. ಡಬ್ಬಿಯಲ್ಲಿ "ಸನ್" ಅಂತ ಬರೆದ ಚಿಕ್ಕ ಕಪ್ಪು ಗಾಜೂ ಇದೆ. ರಿಪೇರಿ ಆಗುತ್ತಾ?

ಕಾಣಕೋಣ, ಗೋವಾ:

ಮೊದಲು ಆ ಕಪ್ಪು ಗಾಜು. ಇವತ್ತೇ ಒಡೆದು ಕಸಕ್ಕೆ ಹಾಕಿ, ಮಗಳ ಕೈಗೆ ಸಿಗಬಾರದು. ಅದನ್ನು ಐಪೀಸಿಗೆ ತಿರುಪಿ ಸೂರ್ಯನನ್ನು ನೋಡಿ ಅಂತ ಕೊಡ್ತಿದ್ದರು. ಮುಂದಿನ ಮಸೂರ ಒಟ್ಟುಮಾಡಿದ ಬಿಸಿಲೆಲ್ಲ ಆ ಸಣ್ಣ ಗಾಜಿನ ಮೇಲೆ ಬಿದ್ದು ಅದು ಫಟ್ಟಂತ ಸೀಳಬಹುದು, ಕಣ್ಣು ಅದರ ಹಿಂದೆಯೇ ಇರುತ್ತೆ. ಸೂರ್ಯನಿಗೆ ಫಿಲ್ಟರ್ ಹಾಕುವ ಜಾಗ ಕೊಳವೆಯ ಮುಂಭಾಗ ಒಂದೇ. ಡೆನ್ಸಿಟಿ 5 ಅಂತ ಬರೆದ ಸೋಲಾರ್ ಫಿಲ್ಮ್ ತಗೊಳ್ಳಿ, ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಅದು ಬಿಡುತ್ತೆ. ಗಾಳಿಗೆ ಹಾರದ ಹಾಗೆ ರಟ್ಟಿನ ಬಳೆ ಮಾಡಿ ಕೂರಿಸಿ, ಪ್ರತಿ ಸಲವೂ ಬಿಸಿಲಿಗೆ ಹಿಡಿದು ತೂತು ಇದೆಯಾ ನೋಡಿ, ಪಕ್ಕದ ಫೈಂಡರನ್ನು, ಅಂದರೆ ಗುರಿ ಹಿಡಿಯುವ ಸಣ್ಣ ದುರ್ಬೀನನ್ನು, ಬಿಚ್ಚಿಡಿ. ಇಷ್ಟು ಆದರೆ ಸೂರ್ಯಕಲೆ ನೋಡಲು ಮುಂಬೈಯ ಬೆಳಕು ಏನೂ ಅಡ್ಡಿಯಲ್ಲ. 2027ರ ಆಗಸ್ಟ್ 2ರಂದು ನಮ್ಮ ಕಡೆ ಖಂಡಗ್ರಾಸ ಸೂರ್ಯಗ್ರಹಣವೂ ಇದೆ, ಮಳೆಗಾಲ ಆದ್ದರಿಂದ ಮೋಡ ಬಿಟ್ಟುಕೊಡಬೇಕು ಅಷ್ಟೇ.

ಆ ಬಿಳೀ ನೂಲು ಬೂಷ್ಟು. ಕರಾವಳಿಯಲ್ಲಿ ಟೆಲಿಸ್ಕೋಪ್ ಹಾಳಾಗೋದು ಹೆಚ್ಚಾಗಿ ಇದರಿಂದಲೇ. ಕತ್ತಲ ಕೋಣೆಯಲ್ಲಿ ಐಪೀಸಿನ ಕಡೆಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬೂಷ್ಟು ಹೊರಗಿನ ಮೈಮೇಲಿದ್ದರೆ ಹೋಗುತ್ತೆ. ಮೊದಲು ರಬ್ಬರ್ ಬ್ಲೋವರಿನಿಂದ ಧೂಳು ಊದಿ, ಬಾಯಿಂದ ಊದಬೇಡಿ. ಆಮೇಲೆ ಶುದ್ಧ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಒತ್ತದೆ, ನಡುವಿನಿಂದ ಅಂಚಿಗೆ ಒಂದೇ ಸಲ ಎಳೆದು ಆ ಹತ್ತಿ ಬಿಸಾಡಿ, ಹೊಸದು ತಗೊಳ್ಳಿ. ಅದೇ ಹತ್ತಿಯಲ್ಲಿ ಎರಡನೇ ಸಲ ಒರೆಸಿದರೆ ಮೊದಲ ಸಲ ಎದ್ದ ಮರಳಿನ ಕಣ ಗಾಜನ್ನು ಗೀರುತ್ತೆ.

ಬೂಷ್ಟು ಒಳಗೆ ಎರಡು ಗಾಜುಗಳ ನಡುವೆ ಇದ್ದರೆ ಬಿಚ್ಚಬೇಡಿ. ಆ ಎರಡು ಮಸೂರಗಳ ನಡುವಿನ ಅಂತರ, ಒಂದರ ಮೇಲೊಂದು ಕೂತ ದಿಕ್ಕು ಬದಲಾದರೆ ಮತ್ತೆ ಸರಿ ಕೂರಿಸೋದು ಮನೆಯಲ್ಲಿ ಆಗುವ ಕೆಲಸವಲ್ಲ. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಂದ್ರ, ಶನಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಹಾಗೆಯೇ ಬಳಸಿ. ಐಪೀಸಿನ ಕೊಳವೆಯನ್ನೂ ಸ್ಕೇಲ್ ಹಿಡಿದು ಅಳೆಯಿರಿ. 31.7 ಎಂಎಂ ಇದ್ದರೆ ಈಗಿನ ಐಪೀಸುಗಳು ಹೊಂದುತ್ತವೆ. 24.5 ಎಂಎಂ ಇದ್ದರೆ ಹಳೇ ಅಳತೆ, ಒಳ್ಳೆ ಐಪೀಸು ಸಿಗೋದು ಕಷ್ಟ, ಪುಕ್ಕಟೆ ಕೊಟ್ಟರಷ್ಟೇ ತಗೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈನಾಕ್ಯುಲರ್ ಇಡೋಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ತೇವಾಂಶ 40-50 ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಓವನ್‌ನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿ, ಮತ್ತೆ ಕೆಲಸಕ್ಕೆ ಬರುತ್ತೆ. ನುಸಿಗುಳಿಗೆ ಹಾಕಬೇಡಿ, ಆವಿ ಗಾಜಿನ ಮೇಲೆ ಕೂರುತ್ತೆ. ಎಸಿ ಕೋಣೆಯಿಂದ ನೇರ ಟೆರೇಸಿಗೆ ಒಯ್ದರೆ ಮಸೂರ ತಕ್ಷಣ ಬೆವರುತ್ತೆ, ಎಸಿ ಇಲ್ಲದ ಕೋಣೆಯಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಒಯ್ಯಿರಿ. ಇಬ್ಬನಿ ಬಿದ್ದ ಮಸೂರಕ್ಕೆ ಮುಚ್ಚಳ ಹಾಕಿಡೋದೇ ಬೂಷ್ಟಿಗೆ ಆಹ್ವಾನ. ಫ್ಯಾನ್ ಕೆಳಗೆ ಒಣಗಿಸಿ ಆಮೇಲೆ ಮುಚ್ಚಿ.

ರಜೆಗೆ ಗೋವಾಕ್ಕೆ ಬರುವುದಿದ್ದರೆ ಮೇ ಮೊದಲ ವಾರ, ಅಮಾವಾಸ್ಯೆ ಹತ್ತಿರ ಬಿದ್ದ ವರ್ಷ ನೋಡಿ ಬನ್ನಿ, ಬೈನಾಕ್ಯುಲರ್ ತನ್ನಿ. ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣದ ಕಡೆ ತೆರೆದ ಕಡಲತೀರದಿಂದ ಸದರ್ನ್ ಕ್ರಾಸ್ ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತೆ, ಬುಡದ ನಕ್ಷತ್ರ ಸುಮಾರು 12 ಡಿಗ್ರಿ ಎತ್ತರ. ಇನ್ನೊಂದು ಗಂಟೆಗೆ ಅದರ ಮೇಲೆ, 27 ಡಿಗ್ರಿಯಲ್ಲಿ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ, ಹತ್ತಿಯ ಉಂಡೆಯ ಹಾಗೆ. ಡೊಂಬಿವಲಿಯಲ್ಲಿ ಕ್ರಾಸ್‌ನ ಬುಡ 8 ಡಿಗ್ರಿಯನ್ನೂ ಮುಟ್ಟಲ್ಲ, ಕಟ್ಟಡ ಮತ್ತು ಮಂಜಿನಲ್ಲಿ ಹೋಗಿಬಿಡುತ್ತೆ.

ಕೋಥ್ರೂಡ್ ಕನ್ನಡಿಗ, ಪುಣೆ:

ಹಳೇ 70/700 ಸರಿಯಾದರೆ ಒಂದು ಕೆಲಸ ಹಗಲಲ್ಲೇ ಮಾಡಿಕೊಳ್ಳಿ. ಫೈಂಡರ್ ಹೊಂದದೆ ಇದ್ದರೆ ರಾತ್ರಿ ಶನಿಯನ್ನೂ ಹಿಡಿಯೋಕೆ ಆಗಲ್ಲ, ಮಕ್ಕಳ ಉತ್ಸಾಹ ಅಲ್ಲಿಗೆ ಮುಗಿಯುತ್ತೆ. 25 ಎಂಎಂ ಐಪೀಸ್ ಹಾಕಿ, ಅಂದರೆ 28 ಪಟ್ಟು. ಕಿಲೋಮೀಟರ್ ದೂರದ ಮೊಬೈಲ್ ಟವರಿನ ತುದಿಯನ್ನು ನಡುವಿಗೆ ತಂದು ಸ್ಕ್ರೂ ಬಿಗಿ ಮಾಡಿ. ಟೆಲಿಸ್ಕೋಪ್ ಅಲುಗದ ಹಾಗೆ ಫೈಂಡರಿನ ತಿರುಪುಗಳನ್ನು ತಿರುಗಿಸುತ್ತಾ ಅದರ ಅಡ್ಡಗೆರೆಯೂ ಅದೇ ತುದಿಗೆ ಬರಲಿ. ಈಗ 10 ಎಂಎಂ ಹಾಕಿ, 70 ಪಟ್ಟಿನಲ್ಲಿ ಮತ್ತೊಮ್ಮೆ ಹೊಂದಿಸಿ. ಹತ್ತಿರದ ಕಟ್ಟಡ ಹಿಡಿದರೆ ಫೈಂಡರಿಗೂ ಕೊಳವೆಗೂ ನಡುವಿನ ಅಂತರದಿಂದ ರಾತ್ರಿ ಗುರಿ ತಪ್ಪುತ್ತೆ, ಅದಕ್ಕೇ ಒಂದು ಕಿಲೋಮೀಟರ್.

ರಾತ್ರಿ ಯಾವತ್ತೂ 25 ಎಂಎಂನಿಂದಲೇ ಹುಡುಕಿ. ಗ್ರಹವನ್ನು ನೋಟದ ಪೂರ್ವದ ಅಂಚಿನಲ್ಲಿಟ್ಟು ಕೈ ಬಿಡಿ, ಅದು ತಾನಾಗಿ ನಡುವಿಗೆ ತೇಲಿ ಬರುತ್ತೆ, ಅಷ್ಟರಲ್ಲಿ ಸ್ಟ್ಯಾಂಡಿನ ನಡುಕವೂ ನಿಂತಿರುತ್ತೆ. 70 ಪಟ್ಟಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಎರಡೂಮುಕ್ಕಾಲು ನಿಮಿಷ ಸಿಗುತ್ತೆ. ಸ್ಟ್ಯಾಂಡ್ ತುಂಬಾ ನಡುಗಿದರೆ ಕಾಲುಗಳನ್ನು ಪೂರ್ತಿ ಎಳೆಯಬೇಡಿ, ಕುರ್ಚಿ ಮೇಲೆ ಕೂತು ನೋಡಿ, ನಡುವಿನ ತಟ್ಟೆಗೆ ಎರಡು ಲೀಟರ್ ನೀರಿನ ಬಾಟಲಿ ನೇತುಹಾಕಿ.

ಮಗಳಿಗೆ ಮುಂದೆ ಸ್ವಂತ ಕನ್ನಡಿ ಉಜ್ಜಿ ಟೆಲಿಸ್ಕೋಪ್ ಮಾಡುವ ಆಸೆ ಬಂದರೆ ಪುಣೆ ಕಡೆ ನೋಡಿ. 1944ರಲ್ಲಿ ಶುರುವಾದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಎಂಬ ಹವ್ಯಾಸಿ ಖಗೋಳ ಸಂಘ ಇಲ್ಲಿದೆ, ಐಯುಕಾ ಖಗೋಳ ಸಂಶೋಧನಾ ಸಂಸ್ಥೆಯ ಮುಕ್ತಾಂಗಣ ವಿಜ್ಞಾನ ಶೋಧಿಕಾ ಶಾಲೆ ಮಕ್ಕಳಿಗಾಗಿಯೇ ಇದೆ. 6 ಇಂಚಿನ ಎಫ್/8 (ಫೋಕಲ್ ಲೆಂತ್ ವ್ಯಾಸದ ಎಂಟರಷ್ಟು) ಕನ್ನಡಿಯಿಂದ ಆರಂಭಿಸಬೇಕು, ಅದಕ್ಕಿಂತ ದೊಡ್ಡದು ಮೊದಲ ಸಲ ಬೇಡ. ಎಫ್/8ಕ್ಕೆ ಗೋಳ ಮತ್ತು ಪ್ಯಾರಾಬೋಲಾ ನಡುವಿನ ವ್ಯತ್ಯಾಸ ತೀರಾ ಕಡಿಮೆ, ಕೊನೆಯ ಪಾಲಿಶಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಕನ್ನಡಿ ಬಳಕೆಗೆ ಬರುತ್ತೆ.